ಫ್ರಿಜ್ಜಿನ ಮೇಲಿನ ದುರ್ಬೀನು

ನಮ್ಮ ಮನೆಗೆ ಬಂದವರು ಕಾಫಿ ಬರುವಷ್ಟರಲ್ಲಿ ಕೇಳುವ ಪ್ರಶ್ನೆ ಒಂದೇ: "ಅದ್ಯಾಕ್ರೀ ಫ್ರಿಜ್ಜಿನ ಮೇಲೆ ಬೈನಾಕ್ಯುಲರ್ ಇಟ್ಟಿದೀರಾ?"

ಚಾಮರಾಜಪೇಟೆಯ ಮನೆಗಳಲ್ಲಿ ಫ್ರಿಜ್ಜಿನ ಮೇಲೆ ಏನೇನಿರಬೇಕು ಎಂಬುದು ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತು. ಕೈಯಲ್ಲಿ ಹೆಣೆದ ಒಂದು ಹೊದಿಕೆ, ಮಾತ್ರೆಗಳ ಡಬ್ಬಿ, ಕರೆಂಟ್ ಬಿಲ್ಲು, ಯಾರದೋ ಗೃಹಪ್ರವೇಶದಲ್ಲಿ ಕೊಟ್ಟ ಪ್ಲಾಸ್ಟಿಕ್ ಬುಟ್ಟಿ, ಅದರಲ್ಲಿ ಒಣಗುತ್ತಿರುವ ನಿಂಬೆಹಣ್ಣು. ನಮ್ಮಲ್ಲೂ ಇವೆಲ್ಲ ಇವೆ. ಇವುಗಳ ನಡುವೆ, ಛತ್ರ ತಪ್ಪಿ ಬೇರೆಯವರ ಮದುವೆಯ ಪಂಕ್ತಿಯಲ್ಲಿ ಕೂತ ನೆಂಟನ ಹಾಗೆ, ಆ ಕಪ್ಪು ದುರ್ಬೀನು ಕೂತಿದೆ. ಅದಕ್ಕೆ ಚೀಲವಿಲ್ಲ. ಚೀಲವಿಲ್ಲದ್ದರಿಂದ ಧೂಳು ಹಿಡಿಯುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ದೇವರ ದೀಪ ಹಚ್ಚಿದ ಮೇಲೆ ನಾನು ಅದನ್ನು ಹಳೆಯ ಪಂಚೆಯ ತುಂಡಿನಿಂದ ಒರೆಸಿಡುತ್ತೇನೆ. ಚೀಲ ಏನಾಯಿತು ಎಂದು ಈಗಲೇ ಕೇಳಬೇಡಿ. ಅಲ್ಲಿಗೆ ಬರುತ್ತೇನೆ, ನನ್ನ ಮಾತು ಎಂದೂ ನೇರ ದಾರಿಯಲ್ಲಿ ಹೋದದ್ದಲ್ಲ.

ಅದನ್ನು ಒರೆಸುವಾಗಲೆಲ್ಲ ಬಸವನಗುಡಿಯಲ್ಲಿದ್ದ ನಮ್ಮಜ್ಜಿಯ ಮನೆಯ ತಾರಸಿ ನೆನಪಾಗುತ್ತದೆ. ಬೇಸಿಗೆ ರಜೆಯಲ್ಲಿ ಅಜ್ಜಿ ಸಂಡಿಗೆ ಇಡುತ್ತಿದ್ದರು. ಒದ್ದೆ ಪಂಚೆಯ ಮೇಲೆ ಸಾಲುಸಾಲಾಗಿ ಬಿಳಿ ಸಂಡಿಗೆ, ಪಕ್ಕದಲ್ಲಿ ಕಪ್ಪು ಕೊಡೆ ಹಿಡಿದುಕೊಂಡು ನಾನು. ಕಾಗೆ ಕಾಯುವುದು ನನ್ನ ಕೆಲಸ. ಸಂಬಳ, ಅರ್ಧ ಒಣಗಿದ ಸಂಡಿಗೆ. ಹಸಿಹಸಿಯಾಗಿ, ಉಪ್ಪುಪ್ಪಾಗಿ, ಹಲ್ಲಿಗೆ ಅಂಟಿಕೊಳ್ಳುತ್ತಿದ್ದ ಆ ರುಚಿಯನ್ನು ಕರಿದ ಸಂಡಿಗೆ ಯಾವತ್ತೂ ಮುಟ್ಟಲಿಲ್ಲ. ಅಲ್ಲಿ ಕೂತು ಕೂತು ನನಗೆ ಕಾಗೆಗಳ ನಡೆಯೆಲ್ಲ ಪರಿಚಯವಾಗಿತ್ತು. ಬೇರೆ ಕಡೆ ನೋಡುತ್ತಿರುವಂತೆ ನಟಿಸುತ್ತ ಅಡ್ಡಡ್ಡ ಹೆಜ್ಜೆಯಲ್ಲಿ ಹತ್ತಿರ ಬರುವ ಕಾಗೆಯೇ ಕಳ್ಳ ಕಾಗೆ.

ಆ ಕಾಗೆಗಿಂತ ದೊಡ್ಡ ಅಪಾಯ ಗರುಡನಿಂದ. ತಪ್ಪು ತಿಳಿಯಬೇಡಿ, ಗರುಡ ಸಂಡಿಗೆ ತಿನ್ನುವುದಿಲ್ಲ. ಆದರೆ ಆಕಾಶದಲ್ಲಿ ಗರುಡ ಕಂಡಿತೋ, ಅಜ್ಜಿ ಸೌಟು ಬಿಟ್ಟು, ನಾನು ಕೊಡೆ ಬಿಟ್ಟು, ಇಬ್ಬರೂ ಕಣ್ಣು ಮುಚ್ಚಿ ಕೆನ್ನೆ ಕೆನ್ನೆ ಬಡಿದುಕೊಳ್ಳಬೇಕು. ನಮ್ಮ ಭಕ್ತಿ ಮುಗಿದು ಕಣ್ಣು ಬಿಡುವಷ್ಟರಲ್ಲಿ ಕಳ್ಳ ಕಾಗೆ ಒಂದು ಸಾಲನ್ನು ಕೆದಕಿ ಹೋಗಿರುತ್ತಿತ್ತು. "ಹೋಗ್ಲಿ ಬಿಡು, ದರ್ಶನ ಆಯ್ತಲ್ಲ" ಎನ್ನುತ್ತಿದ್ದರು ಅಜ್ಜಿ.

ಅಂದರೆ ಹಕ್ಕಿ ನೋಡುತ್ತ ಕೂರುವುದು ನನಗೆ ಹೊಸದಲ್ಲ. ಹಕ್ಕಿ ಬರಲಿ ಎಂದು ಕಾಯುವವರು ಲೋಕದಲ್ಲಿದ್ದಾರೆ ಎಂಬುದಷ್ಟೇ ಹೊಸದು. ನಾನು ಬರದಿರಲಿ ಎಂದು ಕಾದವಳು.

ಕೆನ್ನೆ ಬಡಿದುಕೊಳ್ಳುವ ಅಭ್ಯಾಸದಲ್ಲಿ ನಮ್ಮ ಯಜಮಾನರು ಅಜ್ಜಿಯನ್ನೂ ಮೀರಿಸಿದವರು. ಒಂದು ಸಲ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿದ್ದಾಗ ತಲೆಯ ಮೇಲೆ ಗರುಡ ಕಂಡಿತು. ಇವರು ಎರಡೂ ಕೈ ಬಿಟ್ಟು ಪಟಪಟ ಕೆನ್ನೆ ಬಡಿದುಕೊಂಡರು. ಎದುರು ನಿಂತಿದ್ದ ಟ್ರಾಫಿಕ್ ಪೊಲೀಸಿನವರು ಗಾಬರಿಯಾಗಿ, "ಯಾಕ್ ಸಾರ್, ನಾನೇನೂ ಅನ್ಲಿಲ್ವಲ್ಲ!" ಎಂದರು.

ಇವರ ಇನ್ನೊಂದು ಅಭ್ಯಾಸವನ್ನೂ ಇಲ್ಲೇ ಹೇಳಿಬಿಡಬೇಕು. ಬೇರೆಯವರ ವಸ್ತು ಮನೆಯಲ್ಲಿದ್ದರೆ ಇವರಿಗೆ ಅನ್ನ ಇಳಿಯುವುದಿಲ್ಲ. ಒಂದು ಸಂಜೆ ಶೇಷಾದ್ರಿಪುರದಲ್ಲಿ ಮಳೆಗೆ ಸಿಕ್ಕಿ, ಪರಿಚಯದ ಅಂಗಡಿಯವರಿಂದ ಕೊಡೆ ತೆಗೆದುಕೊಂಡು ಒದ್ದೆಯಾಗದೆ ಮನೆಗೆ ಬಂದರು. ಕಾಫಿ ಕುಡಿದರು. ಆಮೇಲೆ ಅದೇ ಮಳೆಯಲ್ಲಿ ಹೋಗಿ ಕೊಡೆ ಹಿಂದಿರುಗಿಸಿ, ತೊಪ್ಪೆಯಾಗಿ ವಾಪಸ್ ಬಂದರು. "ನಮ್ಮ ಕೊಡೆ ತಗೊಂಡು ಹೋಗ್ಬಾರ್ದಿತ್ತೇನ್ರೀ?" ಎಂದೆ. "ಎರಡೆರಡು ಕೊಡೆ ಹಿಡ್ಕೊಂಡು ಹೋದ್ರೆ ನೋಡಿದೋರು ಏನಂತಾರೆ?" ಎಂದು ತಲೆ ಒರೆಸಿಕೊಂಡರು. ಪಕ್ಕದ ಮನೆಯಿಂದ ಬಂದ ಡಬ್ಬಿಯೂ ಅಷ್ಟೇ, ಮರುದಿನವೇ ಹಿಂದಿರುಗಬೇಕು. ಖಾಲಿ ಕೊಡಬಾರದು, ಒಂದು ಹಿಡಿ ಸಕ್ಕರೆಯಾದರೂ ಹಾಕಿರಬೇಕು. ಅಂಥ ಮನುಷ್ಯನ ಮನೆಯ ಫ್ರಿಜ್ಜಿನ ಮೇಲೆ ಹೋದ ವಸಂತದಿಂದ ಬೇರೆಯವರ ದುರ್ಬೀನು ಕೂತಿದೆ.

ಹೋದ ವರ್ಷ ಯುಗಾದಿಗೆ ಸ್ವಲ್ಪ ಮುಂಚೆ. ನಮ್ಮ ರಸ್ತೆಯ ಹೊಂಗೆಮರಗಳು ಎಣ್ಣೆ ಹಚ್ಚಿದಂಥ ಹೊಸ ಎಲೆ ಬಿಟ್ಟಿದ್ದವು. ನಾನು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದೆ. ಮಗಳು ಪಲ್ಲವಿ ಬಂದು ಬಾಗಿಲಿಗೆ ಒರಗಿ ನಿಂತಳು. ಅವಳು ಜಯನಗರದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ; ಭಾನುವಾರ ಬೆಳಿಗ್ಗೆ ಮಾತ್ರ ಕೆರೆಕೆರೆ ಸುತ್ತಿ ಹಕ್ಕಿ ನೋಡುತ್ತಾಳೆ.

"ಅಮ್ಮಾ, ಒಬ್ಬರು ಇದಾರೆ" ಎಂದಳು.

ತುರಿಯುವ ಕೈ ನಿಂತಿತು. ಮದುವೆಯ ವಯಸ್ಸಿನ ಮಗಳು "ಒಬ್ಬರು" ಎಂದರೆ ಯಾರೆಂದು ಯಾವ ತಾಯಿಗೂ ಬಿಡಿಸಿ ಹೇಳಬೇಕಿಲ್ಲ.

"ಯಾರು?"

"ವಿನಾಯಕ ಅಂತ. ಕುಮಟಾ ಹತ್ರ ಹೈಸ್ಕೂಲಲ್ಲಿ ಸೈನ್ಸ್ ಮೇಷ್ಟ್ರು. ಇಲ್ಲಿ ಹಕ್ಕಿ ನೋಡೋಕೆ ಬಂದಾಗ ಪರಿಚಯ ಆಗಿದ್ದು."

"ನಮ್ಮೋರಾ?"

"ಅಲ್ಲ. ಸಮುದ್ರದ ಕಡೆಯೋರು. ಮನೇಲಿ ಮೀನು ಮಾಡ್ತಾರೆ. ನೀನು ಕೇಳೋಕೆ ಮುಂಚೆನೇ ಹೇಳ್ಬಿಟ್ಟೆ." ಹೇಳಿ ಮುಗಿಸಿ, ಬಟ್ಟಲಿಂದ ಒಂದು ಚಿಟಿಕೆ ಕಾಯಿತುರಿ ಬಾಯಿಗೆ ಹಾಕಿಕೊಂಡಳು.

ಇವರಿಗೆ ನಾನೇ ಹೇಳಿದೆ. ಇವರು ಕೂಗಾಡುವವರಲ್ಲ. ಸಿಟ್ಟು ಬಂದರೆ ಮನೆಯ ನಲ್ಲಿಗಳನ್ನೆಲ್ಲ ಬಿಗಿಯಾಗಿ ತಿರುಗಿಸಿಬಿಡುತ್ತಾರೆ. ಆ ವಾರ ನಮ್ಮ ಮನೆಯ ಒಂದು ನಲ್ಲಿಯನ್ನೂ ತೆರೆಯಲು ನನ್ನ ಕೈಯಲ್ಲಿ ಆಗಲಿಲ್ಲ. ಮುಖ ತೊಳೆಯಬೇಕಾದರೂ ಇಕ್ಕಳ ಹುಡುಕಬೇಕಿತ್ತು. ಕೊನೆಗೆ ಪಲ್ಲವಿಯೇ ಊಟದ ಹೊತ್ತಿನಲ್ಲಿ ಬಾಯಿಬಿಟ್ಟಳು.

"ಅಪ್ಪ, ನೀವು ಬೇಡ ಅಂದ್ರೆ ನಾನು ಮಾಡ್ಕೊಳ್ಳಲ್ಲ. ಓಡಿಹೋಗೋಳಲ್ಲ ನಾನು. ಆದ್ರೆ ನೋಡದೆ ಬೇಡ ಅನ್ಬೇಡಿ. ಮುಂದಿನ ವಾರ ಅಲ್ಲಿಗೆ ಹಕ್ಕಿ ನೋಡೋಕೆ ಹೋಗ್ತಿದೀನಿ. ನೀವಿಬ್ಬರೂ ಬನ್ನಿ."

ಇವರು ಮಜ್ಜಿಗೆ ಅನ್ನ ಕಲಸುತ್ತಲೇ ಇದ್ದರು. ಆಮೇಲೆ, "ಬರ್ತೀನಿ. ಹಕ್ಕಿ ನೋಡೋಕೆ. ಹಕ್ಕಿ ಬಿಟ್ಟು ಇನ್ನೇನೂ ನೋಡಲ್ಲ. ಯಾರ ಮನೆಗೂ ಕಾಲಿಡಲ್ಲ. ಇದಕ್ಕೆ ಒಪ್ಪೋದಾದ್ರೆ ಟಿಕೆಟ್ ಮಾಡಿಸು" ಎಂದರು.

ಮಲ್ಲೇಶ್ವರದಲ್ಲಿರುವ ಅತ್ತಿಗೆಗೆ, ಅಂದರೆ ಇವರ ಅಕ್ಕನಿಗೆ, ಸುದ್ದಿ ಹೇಗೋ ಮುಟ್ಟಿತು. ಫೋನ್ ಬಂತು. "ಏನೇ ಇದು? ಹುಡುಗ ಬರ್ಬೇಕು, ಉಪ್ಪಿಟ್ಟು ಕೇಸರಿಬಾತು ತಿನ್ಬೇಕು, ಊರಿಗೆ ಹೋಗಿ ತಿಳಿಸ್ತೀವಿ ಅನ್ಬೇಕು. ನೀವು ಹೆಣ್ಣಿನ ಕಡೆಯೋರು ಕಾಡಿಗೆ ಹೋಗಿ ಮರದ ಹಿಂದೆ ನಿಂತು ಹುಡುಗನ್ನ ನೋಡ್ತೀರಾ?"

"ಹಕ್ಕಿ ನೋಡೋಕೆ ಅತ್ತಿಗೆ."

"ಹೂಂ, ಹಕ್ಕಿ! ಚೆನ್ನಾಗಿರೋ ಸೀರೆ ಉಟ್ಕೊಂಡ್ಹೋಗು. ನಮ್ಮ ಮರ್ಯಾದೆ ಇರುತ್ತೆ."

ಅವರ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನನ್ನನ್ನು ನೋಡಲು ಇವರು ಬಂದಾಗಿನ ನೆನಪು ನನ್ನದು. ಅಂದು ನಾನು ತಟ್ಟೆ ಹಿಡಿದು ಬಂದರೆ ಇವರು ನನ್ನ ಮುಖವನ್ನು ನೋಡಿದ್ದಕ್ಕಿಂತ ಉಪ್ಪಿಟ್ಟಿನಲ್ಲಿ ಗೋಡಂಬಿ ಇದೆಯೇ ಎಂದು ನೋಡಿದ್ದೇ ಹೆಚ್ಚು. ಹಾಗಾದರೂ ಅದಕ್ಕೊಂದು ಕ್ರಮವಿತ್ತು. ಯಾರು ಎಲ್ಲಿ ಕೂರಬೇಕು, ಯಾವಾಗ ತಲೆ ಎತ್ತಬೇಕು ಎಂದು ಗೊತ್ತಿತ್ತು. ಕಾಡಿನಲ್ಲಿ ಹುಡುಗನನ್ನು ನೋಡುವುದಕ್ಕೆ ಏನು ಕ್ರಮ? ಹೇಳಿಕೊಡುವವರಿರಲಿಲ್ಲ. ಹಾಗಾಗಿ ನನಗೆ ಗೊತ್ತಿದ್ದ ಕ್ರಮವನ್ನೇ ಕಾಡಿಗೆ ಹೊತ್ತೊಯ್ದೆ. ಅರಿಶಿನದ ಬಣ್ಣಕ್ಕೆ ಕೆಂಪು ಅಂಚಿನ ರೇಷ್ಮೆ ಸೀರೆ, ಎರಡೂ ಕೈ ತುಂಬ ಗಾಜಿನ ಬಳೆ, ಗಾಂಧಿಬಜಾರಿನಿಂದ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮಲ್ಲಿಗೆ, ಸ್ಟೀಲ್ ಡಬ್ಬಿಯಲ್ಲಿ ಕೇಸರಿಬಾತು.

ರೈಲಿನಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಇಳಿಯುವ ಮುಂಚೆ ನಾನು ಈ ವೇಷದಲ್ಲಿ ಸಿದ್ಧಳಾಗಿ ಬಂದದ್ದನ್ನು ನೋಡಿ ಪಲ್ಲವಿ ಹಣೆಗೆ ಕೈ ಹಚ್ಚಿಕೊಂಡಳು. "ಅಮ್ಮಾ, ಹಕ್ಕಿ ನೋಡೋಕೆ ಮಣ್ಣಿನ ಬಣ್ಣ, ಎಲೆ ಬಣ್ಣ ಹಾಕ್ಕೋಬೇಕು ಅಂತ ಹೇಳಿರ್ಲಿಲ್ವಾ? ನೀನು ಬಂದ್ರೆ ಕಾಡಿಗೆ ಕಾಡೇ ಎದ್ದು ಓಡುತ್ತೆ!"

"ಮಾವಿನೆಲೆ ಬಣ್ಣದ್ದು ಇಸ್ತ್ರಿಗೆ ಕೊಟ್ಟಿದ್ದೆ ಕಣೆ" ಎಂದೆ. ಸುಳ್ಳಲ್ಲ.

ವಿನಾಯಕ ಸ್ಟೇಷನ್ನಿನ ಹೊರಗೆ ಒಂದು ಹಳೆಯ ಜೀಪಿನ ಪಕ್ಕ ನಿಂತಿದ್ದ. ಕಂದುಬಣ್ಣದ ಅಂಗಿ, ಬಿಸಿಲಿಗೆ ಕಪ್ಪಾದ ಮುಖ, ಕೊರಳಲ್ಲಿ ದುರ್ಬೀನು. ನನ್ನನ್ನು ನೋಡಿದ. ನನ್ನ ಸೀರೆಯನ್ನು ನೋಡಿದ. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಜೀಪಿನಿಂದ ಒಂದು ಕಾಫಿಬಣ್ಣದ ಶಾಲು ತೆಗೆದು, "ಕಾಡೊಳಗೆ ಬೆಳಿಗ್ಗೆ ಥಂಡಿ ಇರ್ತದೆ ಅಮ್ಮಾ, ಹೊದ್ಕೊಳ್ಳಿ" ಎಂದು ಕೊಟ್ಟ. ಆ ಊರಿನಲ್ಲಿ ಆ ಹೊತ್ತಿಗಾಗಲೇ ಹಣೆಯಲ್ಲಿ ಬೆವರು ಹನಿಯುತ್ತಿತ್ತು. ಅವನ ಹಣೆಯಲ್ಲೂ. ನಾನು ತಲೆಯಿಂದ ಕಾಲತನಕ ಹೊದ್ದುಕೊಂಡೆ. ಇವರು ಅತ್ತ ನೋಡದಂತೆ ನೋಡುತ್ತಿದ್ದರು, ಅಜ್ಜಿಯ ತಾರಸಿಯ ಕಾಗೆಯ ಹಾಗೆ.

ಆಮೇಲೆ ಅವನು ಕೊರಳಿನ ದುರ್ಬೀನು ತೆಗೆದು ಇವರಿಗೆ ಕೊಟ್ಟ. "ಇಡೀ ದಿನ ನಿಮ್ಮ ಹತ್ರಾನೇ ಇರಲಿ ಸರ್."

"ನಿಮಗೆ?"

"ನಂಗೆ ಅಡ್ಡಿಲ್ಲ. ದಿನಾ ನೋಡ್ತೇನಲ್ಲ." ಅದರ ಚೀಲವನ್ನೂ ಇವರ ಹೆಗಲಿಗೆ ಹಾಕಿದ. ಇವರು ದುರ್ಬೀನಿನ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, "ಸಂಜೆ ಜ್ಞಾಪಕವಾಗಿ ವಾಪಸ್ ಕೊಡ್ತೀನಿ" ಎಂದರು. ಯಾರೂ ಕೇಳಿರಲಿಲ್ಲ.

ಘಟ್ಟದ ಬುಡದ ಕಾಡು. ಎಲೆಯುದುರಿದ ಬೂರುಗದ ಮರದ ತುಂಬ ದೊಡ್ಡ ದೊಡ್ಡ ಕೆಂಪು ಹೂ. ಹೂವಿನೊಳಗೆ ತಲೆ ಹಾಕಿಕೊಂಡ ಮೈನಾಗಳು, ಕಾಜಾಣಗಳು. ಎಲ್ಲೋ ಕಾಣದ ಕಡೆ ಕುಟ್ರು ಹಕ್ಕಿ ಕುಟುರ್ ಕುಟುರ್ ಎಂದು ಹಿಟ್ಟಿನ ಗಿರಣಿಯಂತೆ ಒಂದೇ ಸಮ ಕೂಗುತ್ತಿತ್ತು. ನನ್ನ ಬಳೆಗಳು ಅದಕ್ಕೆ ತಾಳ ಹಾಕುತ್ತಿದ್ದವು. ಪಲ್ಲವಿ ಕರ್ಚೀಫಿನಿಂದ ನನ್ನ ಒಂದು ಕೈಯ ಬಳೆ ಕಟ್ಟಿದಳು. ಇನ್ನೊಂದು ಕೈಗೆ ವಿನಾಯಕ ತನ್ನ ಕರ್ಚೀಫು ಕೊಟ್ಟ. ಎರಡೂ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು, ಶಾಲು ಹೊದ್ದು, ಆಸ್ಪತ್ರೆಯಿಂದ ಎದ್ದು ಬಂದವಳ ಹಾಗೆ ನಾನು ಹಿಂದೆ ಹಿಂದೆ ನಡೆದೆ.

ಒಂದು ದೊಡ್ಡ ಅತ್ತಿಮರದ ಎದುರು ಕೂತೆವು. "ಮಂಗಟ್ಟೆ ಬರ್ತದೆ. ಹಣ್ಣಾಗಿದೆ" ಎಂದ ವಿನಾಯಕ, ಅಷ್ಟೇ. ಬಂತು. ಒಂದಲ್ಲ, ಜೋಡಿ. ಬಾಳೆಕಾಯಿಯಷ್ಟು ದಪ್ಪ ಕೊಕ್ಕು. ಹಣ್ಣನ್ನು ಕೊಕ್ಕಿನ ತುದಿಯಲ್ಲಿ ಹಿಡಿದು, ಮೇಲಕ್ಕೆ ಎಸೆದು, ಬಾಯಿಗೆ ಬೀಳಿಸಿಕೊಳ್ಳುವ ಚಂದ! ಗೋಲಿಯಾಟದ ಹುಡುಗರ ನೆನಪಾಯಿತು. ಇವರು ದುರ್ಬೀನು ಹಿಡಿದು ಉಸಿರು ಬಿಗಿಹಿಡಿದಿದ್ದರು. ಆ ಹೊತ್ತಿಗೇ ನನಗೆ, ಇವರು ಬೆಳಿಗ್ಗೆಯಿಂದ ಏನೂ ತಿಂದಿಲ್ಲವಲ್ಲ ಎಂಬ ಚಿಂತೆ ಹತ್ತಿಕೊಂಡಿತು. ಮೆಲ್ಲಗೆ, ಎಷ್ಟು ಮೆಲ್ಲಗೆಂದರೆ ನನಗೇ ಕೇಳಿಸದ ಹಾಗೆ, ಡಬ್ಬಿಯ ಮುಚ್ಚಳ ತೆಗೆದೆ. ತುಪ್ಪದ ಕೈ. ಮುಚ್ಚಳ ಜಾರಿ ಬಂಡೆಯ ಮೇಲೆ ಬಿದ್ದು, ಟಣಟಣಟಣ ಎಂದು ಇಳಿಜಾರಿನುದ್ದಕ್ಕೂ ಉರುಳಿಕೊಂಡು ಹೋಯಿತು.

ಮಂಗಟ್ಟೆಗಳು ಎದ್ದವು. ರೆಕ್ಕೆಯ ಸದ್ದು ಹಳೆಯ ರೈಲಿನಂತೆ ತಲೆಯ ಮೇಲೆ ಹಾದುಹೋಯಿತು. ಕುಟ್ರು ಕೂಡ ಬಾಯಿ ಮುಚ್ಚಿಕೊಂಡಿತು.

"ಅಮ್ಮಾ!" ಎಂದಳು ಪಲ್ಲವಿ. ಅಳುವಂತಿದ್ದಳು. ಅವಳಿಗೆ ಅದು ಬರೀ ಹಕ್ಕಿ ಹಾರಿಹೋದದ್ದಾಗಿರಲಿಲ್ಲ.

ವಿನಾಯಕ ಎದ್ದು ಇಳಿಜಾರಿಗೆ ಹೋಗಿ ಮುಚ್ಚಳ ಹುಡುಕಿ ತಂದ, ಅಂಗಿಯ ತುದಿಯಿಂದ ಒರೆಸಿ ನನ್ನ ಕೈಗೆ ಕೊಟ್ಟ. "ಹಾರುವಾಗಿನ ಸದ್ದು ಕೇಳೋದು ಅಪರೂಪ ಅಮ್ಮಾ. ಒಳ್ಳೇದೇ ಆಯ್ತು. ಕೇಸರಿಬಾತು ನಂಗೂ ಕೊಡ್ತೀರೋ?"

ನಾಲ್ವರೂ ಬಂಡೆಯ ಮೇಲೆ ಕೂತು, ಮುತ್ತುಗದ ಎಲೆಯಲ್ಲಿ ಕೇಸರಿಬಾತು ತಿಂದೆವು. ಅವನು ಎರಡನೆಯ ಸಲ ಕೇಳಿ ಹಾಕಿಸಿಕೊಂಡ. ಅತ್ತಿಗೆ ಹೇಳಿದ್ದ ಶಾಸ್ತ್ರ ಅಷ್ಟರಮಟ್ಟಿಗೆ ಆಗಿಯೇ ಹೋಯಿತಲ್ಲ ಎಂದು ನನಗೆ ಆಮೇಲೆ ಹೊಳೆಯಿತು.

ತಿಂದು ಕೈ ಒರೆಸಿಕೊಳ್ಳುತ್ತಿದ್ದಾಗ ಒಂದು ಹಕ್ಕಿ ಪೊದೆಯಿಂದ ಪೊದೆಗೆ ಸರ್ರನೆ ಹೋಯಿತು. ಇವರು ಬ್ಯಾಂಕಿನಲ್ಲಿ ಚೆಕ್ಕು ಪಾಸು ಮಾಡುವಾಗಿನ ದನಿಯಲ್ಲಿ ಕೇಳಿದರು: "ಅದು ಯಾವ ಹಕ್ಕಿ?"

"ಗೊತ್ತಾಗ್ಲಿಲ್ಲ ಸರ್."

"ನೀವು ಸೈನ್ಸ್ ಮೇಷ್ಟ್ರಲ್ವಾ?"

"ಹೌದು ಸರ್. ಬೆನ್ನು ಮಾತ್ರ ಕಾಣ್ತು. ಬೆನ್ನು ನೋಡಿ ಹೆಸರು ಹೇಳಿದ್ರೆ ಅದು ಊಹೆ ಆಗ್ತದೆ."

ಇವರು "ಹೂಂ" ಎಂದರು. ಮೂವತ್ತು ಚಿಲ್ಲರೆ ವರ್ಷ ಸಂಸಾರ ಮಾಡಿದವಳು ನಾನು. ಇವರ "ಹೂಂ"ಗಳಲ್ಲಿ ಸುಮಾರು ಬಗೆ. ಇದು ನಲ್ಲಿ ಬಿಗಿಯುವ ಹೂಂ ಆಗಿರಲಿಲ್ಲ. ಹಾಗೆಂದು ಬಿಡುವ ಹೂಂ ಕೂಡ ಅಲ್ಲ.

ಮಧ್ಯಾಹ್ನದ ಮೇಲೆ ಅಳಿವೆಗೆ ಹೋದೆವು. ಅಘನಾಶಿನಿ ಹೊಳೆ ಕಡಲು ಸೇರುವ ಜಾಗ. ಕಡಲು ಹಿಂದೆ ಸರಿದಿತ್ತು. ಕಣ್ಣು ಹಾಯುವ ತನಕ ಕೆಸರು, ಅಲ್ಲಲ್ಲಿ ನೀರಿನ ಕಾಲುವೆಗಳು, ದಂಡೆಯಲ್ಲಿ ಬೇರುಗಳ ಮೇಲೆ ಎದ್ದು ನಿಂತ ಕಾಂಡ್ಲಾ ಗಿಡಗಳು. ಕೆಸರಿನಲ್ಲಿ ಸೊಂಟ ಬಗ್ಗಿಸಿ ಚಿಪ್ಪು ಹೆಕ್ಕುವ ಹೆಂಗಸರು, ಅವರ ಪಕ್ಕದಲ್ಲೇ ಕತ್ತು ಬಗ್ಗಿಸಿ ಹುಳ ಹೆಕ್ಕುವ ಹಕ್ಕಿಗಳು. ಯಾರಿಗೂ ಯಾರ ಭಯವೂ ಇಲ್ಲ. ಕೊಕ್ಕು ಬಿಲ್ಲಿನಂತೆ ಬಾಗಿದ್ದ ದೊಡ್ಡ ಹಕ್ಕಿಯೊಂದನ್ನು ಪಲ್ಲವಿ ತೋರಿಸಿದಳು. "ಇದು ಹಿಮದ ದೇಶದಿಂದ ಬಂದಿದ್ದು ಅಮ್ಮಾ. ಇನ್ನೇನು ಬಿಸಿಲು ಏರಿತು ಅಂದ್ರೆ ವಾಪಸ್ ಹೊರಡುತ್ತೆ." ಅಷ್ಟು ದೂರದಿಂದ ಬಂದದ್ದು ಈ ಕೆಸರಿನ ಊಟಕ್ಕೋ ಎಂದುಕೊಂಡೆ. ಅದರ ಕೊಕ್ಕು ಪೂರ್ತಿ ಕೆಸರಿನೊಳಗೆ ಇಳಿದು ಏನನ್ನೋ ಎಳೆದು ತೆಗೆದಾಗ, ಹೌದು, ಇಷ್ಟು ಖುಷಿಯಾಗಿ ತಿನ್ನುವುದಾದರೆ ಬರಬಹುದು ಎನ್ನಿಸಿತು.

ಗಾಳಿಯಲ್ಲಿ ಒಣಮೀನಿನ ವಾಸನೆ. ಇವರು ಮೂಗಿಗೆ ಕರ್ಚೀಫು ಹಿಡಿಯಲು ಹೋಗಿ, ಸುಮ್ಮನೆ ಬಾಯಿ ಒರೆಸಿಕೊಂಡಂತೆ ಮಾಡಿ ಜೇಬಿಗೆ ಇಟ್ಟುಕೊಂಡರು. ನನಗೆ ಅದು ಕಂಡಿತು. ವಿನಾಯಕನಿಗೂ ಕಂಡಿತು.

ಅವನು ದೂರದ ತೆಂಗಿನಮರಗಳನ್ನು ತೋರಿಸಿದ. "ನಮ್ಮನೆ ಅಲ್ಲಿ ಸರ್. ಅಪ್ಪನ ದೋಣಿ ಇದೆ. ಅಮ್ಮ ಬೆಳಿಗ್ಗೆಯಿಂದ ಕಾಯ್ತಾ ಇರ್ತಾಳೆ. ನೀವು ಬರಬೇಕು ಅಂತೇನಿಲ್ಲ, ಪಲ್ಲವಿ ಹೇಳಿದಾಳೆ. ಮನೆ ಇಲ್ಲಿದೆ ಅಂತ ಹೇಳದೇ ಇರೋದು ಸರಿಯಲ್ಲ ಅಂತ ಹೇಳಿದೆ."

ಇವರು ತೆಂಗಿನಮರಗಳತ್ತ ನೋಡಲಿಲ್ಲ. ಹಕ್ಕಿ ಬಿಟ್ಟು ಬೇರೇನೂ ನೋಡುವುದಿಲ್ಲ ಎಂದ ಮಾತು ಇತ್ತಲ್ಲ. ಎದುರಿನ ಕೆಸರಿಗೆ ಕೇಳಿದಂತೆ ಕೇಳಿದರು: "ಮನೇಲಿ... ಮೀನು... ಯಾವಾಗಾದ್ರೂ ಒಂದ್ಸಲಾನಾ?"

"ದಿನಾ ಸರ್. ಸೋಮವಾರ ಒಂದು ಬಿಟ್ಟು."

ಅಯ್ಯೋ, ಹಬ್ಬಕ್ಕೆ ಹುಣ್ಣಿಮೆಗೆ ಅಂತ ಹೇಳಬಾರದಿತ್ತೇ ಎಂದುಕೊಂಡೆ. ಪಲ್ಲವಿ ಕಾಲ ಹೆಬ್ಬೆರಳಿನಿಂದ ಮಣ್ಣು ಕೆದಕುತ್ತಿದ್ದಳು. ಚಿಕ್ಕವಳಿದ್ದಾಗ ಮಾರ್ಕ್ಸ್ ಕಾರ್ಡು ಹಿಡಿದು ಅಪ್ಪನ ಮುಂದೆ ಹೀಗೇ ನಿಲ್ಲುತ್ತಿದ್ದಳು.

ಆಗ ಗರುಡ ಬಂತು.

ಬೆಳ್ಳಗಿನ ತಲೆ, ಬೆಳ್ಳಗಿನ ಎದೆ, ಇಟ್ಟಿಗೆ ಬಣ್ಣದ ರೆಕ್ಕೆ. ಚಾಮರಾಜಪೇಟೆಯ ಆಕಾಶದಲ್ಲಿ ಚುಕ್ಕೆಯಂತೆ ಕಾಣುತ್ತಿದ್ದದ್ದು ಇಲ್ಲಿ ತೆಂಗಿನಗರಿಯ ಎತ್ತರಕ್ಕೆ ಇಳಿದಿತ್ತು. ಇವರು ದುರ್ಬೀನು ಬಿಟ್ಟು ಪಟಪಟ ಕೆನ್ನೆ ಬಡಿದುಕೊಂಡರು. ನಾನೂ ಬಡಿದುಕೊಂಡೆ, ಕರ್ಚೀಫು ಕಟ್ಟಿದ ಕೈಯಿಂದಲೇ. ಮುಗಿಯಿತು ಎನ್ನುವಾಗ ಇನ್ನೊಂದು ಬಂತು. ಮತ್ತೆ ಬಡಿದುಕೊಂಡೆವು. ಆಮೇಲೆ ಮತ್ತೊಂದು, ಅದರ ಹಿಂದೆ ಮತ್ತೊಂದು. ದೋಣಿಗಳು ಬರುವ ಹೊತ್ತಂತೆ. ಆ ಊರಿನ ಗರುಡಗಳೆಲ್ಲ ಅಲ್ಲಿ ಸೇರುತ್ತವಂತೆ. ಇವರು ಒಂದನ್ನೂ ಬಿಡದೆ ನಮಸ್ಕಾರ ಮಾಡುತ್ತ ಮಾಡುತ್ತ ಕೆನ್ನೆ ಕೆಂಪಾಗಿಸಿಕೊಂಡರು. ಚಿಪ್ಪು ಹೆಕ್ಕುತ್ತಿದ್ದ ಹೆಂಗಸೊಬ್ಬಳು ಸೊಂಟ ನೆಟ್ಟಗೆ ಮಾಡಿ, "ಎಂಥಾ ಆಯ್ತ್ರಾ ಅವರಿಗೆ? ಸೊಳ್ಳೆಯೋ?" ಎಂದು ವಿನಾಯಕನನ್ನು ಕೇಳಿದಳು.

ವಿನಾಯಕ ನಗಲಿಲ್ಲ. "ಒಂದನ್ನ ಹತ್ರದಿಂದ ನೋಡಿ ಸರ್. ಅಕಾ, ಆ ಗೂಟದ ಕಡೆ ಬರ್ತಾ ಇದೆ" ಎಂದ.

ಇವರು ದುರ್ಬೀನು ಎತ್ತಿದರು. ಒಂದು ಗರುಡ ನೀರಿನ ಮೇಲೆ ಬಂದು, ನೀರನ್ನು ಸವರಿದಂತೆ ಮಾಡಿ ಮೇಲೆದ್ದು, ಕೆಸರಿನಲ್ಲಿ ನೆಟ್ಟಿದ್ದ ಗೂಟದ ಮೇಲೆ ಕೂತಿತು. ಬರಿಗಣ್ಣಿಗೂ ಅದರ ಕಾಲಿನಲ್ಲಿ ಏನೋ ಬೆಳ್ಳಿಯಂತೆ ಹೊಳೆದು ಒದ್ದಾಡುತ್ತಿದ್ದದ್ದು ಕಾಣುತ್ತಿತ್ತು. ಆಮೇಲೆ ಅದು ತಲೆ ಬಗ್ಗಿಸಿತು. ಎಳೆಯಿತು. ತಲೆ ಎತ್ತಿತು. ಮತ್ತೆ ಬಗ್ಗಿಸಿತು. ಅವಸರವಿಲ್ಲ. ಬಾಳೆಲೆಯ ಮುಂದೆ ಕೂತು ಒಂದೊಂದೇ ಪದಾರ್ಥ ಮುಗಿಸುವ ಹಿರಿಯರ ಹಾಗೆ.

ನಮ್ಮ ಮನೆತನದಲ್ಲಿ ತಲೆತಲಾಂತರದಿಂದ ಗರುಡನನ್ನು ಕಂಡವರು ನಾವು. ಗರುಡ ಊಟ ಮಾಡುವುದನ್ನು ಮಾತ್ರ ಯಾರೂ ನೋಡಿರಲಿಲ್ಲ. ಅದು ಏನು ತಿನ್ನುತ್ತದೆ ಎಂದು ಕೇಳಬೇಕೆಂದೂ ನಮಗೆ ತೋಚಿರಲಿಲ್ಲ. ಬಹುಶಃ ಏನೂ ತಿನ್ನುವುದಿಲ್ಲ ಎಂದುಕೊಂಡಿದ್ದೆವೋ ಏನೋ.

ಇವರು ದುರ್ಬೀನು ಇಳಿಸಲೇ ಇಲ್ಲ. ಗರುಡ ಊಟ ಮುಗಿಸುವ ತನಕ ನೋಡಿದರು. ಅದು ಕೊಕ್ಕನ್ನು ಗೂಟಕ್ಕೆ ಈ ಕಡೆ ಆ ಕಡೆ ಉಜ್ಜಿ ಒರೆಸಿಕೊಂಡದ್ದನ್ನೂ ನೋಡಿದರು. ಆಮೇಲೆ ನಿಧಾನಕ್ಕೆ ಇಳಿಸಿದರು.

"ಮೀನು" ಎಂದರು.

"ಹೌದು ಸರ್."

"ದಿನಾನಾ?"

"ದಿನಾ ಸರ್."

ಇವರು ಗರುಡನ ಕಡೆ ನೋಡಿದರು. ವಿನಾಯಕನ ಕಡೆ ನೋಡಿದರು. ಬೆಳಿಗ್ಗೆಯಿಂದ ಅವನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು.

"ಸೋಮವಾರಾನೂ?"

ಮೊದಲು ನಕ್ಕಿದ್ದು ಪಲ್ಲವಿ. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ಆಮೇಲೆ ವಿನಾಯಕ, ಅವನಿಗೆ ಕೆನ್ನೆಯಲ್ಲಿ ಗುಳಿ ಬೀಳುತ್ತದೆಂದು ಆಗ ಗೊತ್ತಾಯಿತು. ಇವರು ಮಾತ್ರ ನಗಲಿಲ್ಲ. ಗೂಟದ ಮೇಲೆ ಹೊಟ್ಟೆ ತುಂಬಿ ಕೂತಿದ್ದ ಗರುಡನತ್ತ ತಿರುಗಿ, ಕಣ್ಣು ಮುಚ್ಚಿ, ಇನ್ನೊಂದು ಸಲ ಕೆನ್ನೆ ಬಡಿದುಕೊಂಡರು. ಈ ಸಲ ಮೆತ್ತಗೆ.

ಮನೆಗೆ ಹೋದಿರಾ ಎಂದು ಕೇಳುತ್ತೀರಿ. ಹೋಗಲಿಲ್ಲ. ಕೊಟ್ಟ ಮಾತು ಎಂದರೆ ಇವರಿಗೆ ಮಾತೇ, ತಾನೇ ತನಗೆ ಕೊಟ್ಟುಕೊಂಡದ್ದಾದರೂ. ಸಂಜೆ ಸ್ಟೇಷನ್ನಿಗೆ ವಿನಾಯಕನೇ ಬಿಟ್ಟ. ನಾನು ಶಾಲು ಮಡಿಸಿಕೊಟ್ಟೆ, ಕರ್ಚೀಫು ತೊಳೆದು ಕಳಿಸುತ್ತೇನೆ ಎಂದೆ. ಅವನ ತಾಯಿ ಕಳಿಸಿದ್ದ ಎಳನೀರು ಕುಡಿದೆವು. ಇವರೂ ಕುಡಿದರು, ಗಂಜಿಯನ್ನೂ ಕೆರೆದು ತಿಂದರು. ರೈಲು ಬಂತು, ಹತ್ತಿದೆವು, ಹೊರಟಿತು. ಹಕ್ಕಿಯ ಮಾತು ಬಿಟ್ಟು ಯಾರೂ ಏನೂ ಆಡಿರಲಿಲ್ಲ. ಪಲ್ಲವಿ ಕಿಟಕಿಯಾಚೆ ನೋಡುತ್ತಿದ್ದಳು. ಒಂದು ತಮಾಷೆಯ ಮಾತನ್ನು ಒಪ್ಪಿಗೆ ಎಂದುಕೊಳ್ಳಬಹುದೇ, ಕೂಡದೇ ಎಂದು ಲೆಕ್ಕ ಹಾಕುತ್ತಿದ್ದಳೆಂದು ಅವಳ ಕತ್ತಿನ ನರ ಹೇಳುತ್ತಿತ್ತು.

ಹೊನ್ನಾವರದ ಸೇತುವೆ ದಾಟುವಾಗ ನದಿಯ ಮೇಲೆ ಸಂಜೆಯ ಕೆಂಪು. ಇವರು ಸ್ಟೇಷನ್ನಿನಿಂದಲೂ ಮೈಮೇಲೆ ಹೊದ್ದಿದ್ದ ಟವೆಲ್ಲು ಸರಿಸಿದರು. ಕೊರಳಲ್ಲಿ ದುರ್ಬೀನು. ಹೆಗಲಲ್ಲಿ ಚೀಲ.

"ರೀ!" ಎಂದೆ. "ಅವರ ಬೈನಾಕ್ಯುಲರ್ರು!"

ಇವರು ಕೆಳಗೆ ನೋಡಿಕೊಂಡರು. "ಅರೆ" ಎಂದರು. "ಮರ್ತೇಬಿಟ್ಟೆ."

ಕೊಡೆ ಕೊಡಲು ಮಳೆಯಲ್ಲಿ ಹೋದ ಮನುಷ್ಯ. ಅಂಚೆಕಚೇರಿಯಲ್ಲಿ ಒಂದು ಸಹಿಗೆಂದು ಈಸಿಕೊಂಡ ಪೆನ್ನನ್ನು ಕೊಡಲು ರಸ್ತೆ ದಾಟಿ ಓಡಿದ ಮನುಷ್ಯ. ನಾನು ಪಲ್ಲವಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು.

"ನಾಳೆ ಕೊರಿಯರ್ ಮಾಡ್ಬಿಡ್ತೀನಿ ಅಪ್ಪ" ಎಂದಳು, ಮೆಲ್ಲಗೆ, ನಾನು ಡಬ್ಬಿಯ ಮುಚ್ಚಳ ತೆಗೆದಷ್ಟೇ ಹುಷಾರಾಗಿ.

"ಗಾಜಿನ ಸಾಮಾನು. ಕೊರಿಯರ್‌ನೋರು ಎತ್ತಿ ಎಸೀತಾರೆ. ಬೇಡ." ಕಿಟಕಿಯಾಚೆ ದುರ್ಬೀನು ಹಿಡಿದರು. ನದಿ ಮುಗಿದು ಹೋಗಿತ್ತು; ನೋಡಲು ಕತ್ತಲಾಗುತ್ತಿದ್ದ ತೋಟಗಳು ಬಿಟ್ಟು ಏನೂ ಇರಲಿಲ್ಲ. "ಬಂದು ತಗೊಂಡು ಹೋಗ್ಲಿ. ಒಬ್ನೇ ಯಾಕೆ ಬರ್ಬೇಕು, ಅಪ್ಪ ಅಮ್ಮನ್ನೂ ಕರ್ಕೊಂಡು ಬರೋಕೆ ಹೇಳು."

ವೈಶಾಖದಲ್ಲಿ ಅವರು ಬಂದರು. ನಾನು ಉಪ್ಪಿಟ್ಟು ಮಾಡಿದೆ, ಕೇಸರಿಬಾತು ಮಾಡಿದೆ. ಅತ್ತಿಗೆ ಮಲ್ಲೇಶ್ವರದಿಂದ ಬಂದು, ಎಲ್ಲರನ್ನೂ ಎಲ್ಲೆಲ್ಲಿ ಕೂರಿಸಬೇಕೋ ಅಲ್ಲಲ್ಲಿ ಕೂರಿಸಿದರು. ವಿನಾಯಕನ ತಾಯಿ ನನ್ನ ಕೈ ಹಿಡಿದು, "ನಿಮ್ಮ ಕೇಸರಿಬಾತಿನ ಸುದ್ದಿ ಕೇಳೀ ಕೇಳೀ ಸಾಕಾಗಿತ್ತು" ಎಂದರು. ಕಾರ್ತಿಕಕ್ಕೆ ಮದುವೆ ಎಂದು ಮಾತಾಯಿತು, ಅದು ಆಯಿತು ಕೂಡ. ಆದರೆ ನಾನು ಹೇಳಬೇಕೆಂದದ್ದು ಮದುವೆಯ ಸುದ್ದಿಯಲ್ಲ, ಚೀಲದ ಸುದ್ದಿ.

ಅವರು ಬರುವ ಹಿಂದಿನ ದಿನವೇ ದುರ್ಬೀನನ್ನು ಒರೆಸಿ ಚೀಲಕ್ಕೆ ಹಾಕಿದ್ದೆ. ಬರಿದೇ ಕೊಡಬಾರದಲ್ಲ, ಪಕ್ಕದ ಜೇಬಿನಲ್ಲಿ ಒಂದಿಷ್ಟು ಕಲ್ಲುಸಕ್ಕರೆಯ ಪೊಟ್ಟಣ ಇಟ್ಟಿದ್ದೆ. ಹೊರಡುವ ಹೊತ್ತಿಗೆ ಗೇಟಿನ ಹತ್ತಿರ ಇವರು ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡರು. ಜಿಪ್ಪು ಎಳೆದರು. ದುರ್ಬೀನನ್ನು ಹೊರಗೆ ತೆಗೆದು ತಮ್ಮ ಕೊರಳಿಗೆ ಹಾಕಿಕೊಂಡರು. ಕಲ್ಲುಸಕ್ಕರೆಯಿದ್ದ ಚೀಲವನ್ನು ಮಾತ್ರ ವಿನಾಯಕನ ಹೆಗಲಿಗೆ ಹಾಕಿ, ಅಲುಗದ ಮುಖದಲ್ಲಿ ಹೇಳಿದರು:

"ಇದು ಇರ್ಲಪ್ಪ. ಮುಂದಿನ ಸಲ ಬಂದಾಗ ತಗೊಂಡು ಹೋಗುವಿಯಂತೆ."

ಅವನು ಇಲ್ಲಿಯವರೆಗೆ ಎಷ್ಟೋ ಸಲ ಬಂದು ಹೋದ. ಪ್ರತಿ ಸಲವೂ ಹೊರಡುವಾಗ ಫ್ರಿಜ್ಜಿನ ಕಡೆ ಒಮ್ಮೆ ನೋಡಿ, "ಇರಲಿ ಮಾವ, ಅಡ್ಡಿಲ್ಲ" ಎನ್ನುತ್ತಾನೆ. ನಾನು ಒರೆಸಿ ಒರೆಸಿ ಇಡುತ್ತೇನೆ.